ಎರಡಕ್ಷರದ ಆಜ್ಞೆ, ಎಚ್ಚರದ ಕೆಲಸ

ಬ್ಯಾಂಕಿನ ಲೆಕ್ಕ, ರೈಲಿನ ಮುಂಗಡ ಟಿಕೆಟ್, ಆಸ್ಪತ್ರೆಯ ದಾಖಲೆ, ಪತ್ರಿಕೆಯ ಪುಟ ಎಲ್ಲವೂ ಇಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಸೇರಿಕೊಂಡಿವೆ. ಗ್ರಾಹಕರ ಕಣ್ಣಿಗೆ ಬೀಳುವುದು ಬಣ್ಣದ ಪರದೆ, ಚಿತ್ರ, ಒತ್ತುವ ಗುಂಡಿ. ಆದರೆ ಎಲ್ಲೋ ತಣ್ಣನೆಯ ಕೋಣೆಯೊಂದರಲ್ಲಿ ಹಗಲಿರುಳು ದುಡಿಯುವ ಸರ್ವರ್ ಯಂತ್ರಗಳಲ್ಲಿ ಬಹಳಷ್ಟಕ್ಕೆ ಪರದೆಯೂ ಇಲ್ಲ, ಮೌಸೂ ಇಲ್ಲ. ಅವುಗಳ ಯೋಗಕ್ಷೇಮ ನೋಡಿಕೊಳ್ಳುವ ಸಿಸ್ಟಂ ಅಡ್ಮಿನಿಸ್ಟ್ರೇಟರುಗಳು ಕಪ್ಪು ಪರದೆಯ ಮುಂದೆ ಕುಳಿತು ಎರಡು ಮೂರು ಅಕ್ಷರಗಳ ಪುಟ್ಟ ಆಜ್ಞೆಗಳನ್ನು ಟೈಪು ಮಾಡುತ್ತಾರೆ. ಕೆಲಸ ನಡೆಯುತ್ತದೆ.

ಈ ಆಜ್ಞೆಗಳಲ್ಲಿ ಹಲವಕ್ಕೆ ಐವತ್ತು ವರ್ಷ ದಾಟಿದೆ. ಯಂತ್ರಗಳು ಬದಲಾದವು, ಕಂಪೆನಿಗಳು ಹುಟ್ಟಿ ಮುಳುಗಿದವು, ಆಜ್ಞೆಗಳು ಮಾತ್ರ ಉಳಿದುಕೊಂಡವು. ಅವು ಇಷ್ಟು ಚಿಕ್ಕವೇಕೆ, ಇಷ್ಟು ಮೌನಿಗಳೇಕೆ, ಅವುಗಳನ್ನು ಬಳಸುವವರು ಇಷ್ಟು ಎಚ್ಚರ ವಹಿಸುವುದೇಕೆ ಎಂಬುದಕ್ಕೆ ಉತ್ತರ ಅವು ಹುಟ್ಟಿದ ಕಾಲದಲ್ಲಿದೆ.

ಟೆಲಿಪ್ರಿಂಟರ್ ಕಾಲದ ಮಿತಭಾಷೆ

1969ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬ ಎಂಜಿನಿಯರ್ ‘ಪಿಡಿಪಿ-7’ ಎಂಬ ಸಣ್ಣ ಯಂತ್ರಕ್ಕಾಗಿ ಹೊಸದೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆದರು. ಡೆನಿಸ್ ರಿಚಿ ಮತ್ತಿತರರು ಕೈಗೂಡಿಸಿದರು. ಅದೇ ಮುಂದೆ ‘ಯೂನಿಕ್ಸ್’ ಎಂದು ಹೆಸರಾಯಿತು.

ಆಗ ಕಂಪ್ಯೂಟರಿನೊಡನೆ ಮಾತನಾಡಲು ಇದ್ದ ಸಾಧನವೆಂದರೆ ಟೆಲಿಟೈಪ್. ಒಂದು ಕಾಲಕ್ಕೆ ಪತ್ರಿಕಾ ಕಚೇರಿಗಳಲ್ಲಿ ಕಟಕಟ ಸದ್ದು ಮಾಡುತ್ತ ಸುದ್ದಿ ಉದುರಿಸುತ್ತಿದ್ದ ಟೆಲಿಪ್ರಿಂಟರಿನ ಜಾತಿಯದೇ ಅದು. ಆ ಪ್ರಯೋಗಾಲಯದಲ್ಲಿದ್ದ ‘ಮಾಡೆಲ್ 33’ ಸೆಕೆಂಡಿಗೆ ಹೆಚ್ಚೆಂದರೆ 10 ಅಕ್ಷರ ಮುದ್ರಿಸುತ್ತಿತ್ತು. ಕೀಲಿಗಳು ಬಿಗಿ, ಬೆರಳಿಗೆ ಶ್ರಮ. ಉತ್ತರವೆಲ್ಲ ಕಾಗದದ ಸುರುಳಿಯ ಮೇಲೆ ಮೂಡಬೇಕು. 2013ರಲ್ಲಿ ನಿಂತುಹೋಗುವ ತನಕ ನಮ್ಮಲ್ಲಿ ತಂತಿ ಕಳಿಸುವವರು ಪದಕ್ಕಿಷ್ಟು ಎಂದು ದುಡ್ಡು ತೆರಬೇಕಾದ್ದರಿಂದ ಮಾತನ್ನು ಹೇಗೆ ಹಿಡಿದು ಬರೆಯುತ್ತಿದ್ದರೋ ಹಾಗೆಯೇ ಅವರೂ ಅಕ್ಷರಗಳನ್ನು ಉಳಿಸಿದರು. ನಕಲು ಮಾಡುವ ‘ಕಾಪಿ’ ಆಜ್ಞೆ ‘ಸಿಪಿ’ ಆಯಿತು, ಸ್ಥಳ ಬದಲಿಸುವ ‘ಮೂವ್’ ‘ಎಂವಿ’ ಆಯಿತು, ತೆಗೆದುಹಾಕುವ ‘ರಿಮೂವ್’ ‘ಆರ್‌ಎಂ’ ಆಯಿತು, ಪಟ್ಟಿ ತೋರಿಸುವ ‘ಲಿಸ್ಟ್’ ‘ಎಲ್‌ಎಸ್’ ಆಯಿತು. 1971ರ ನವೆಂಬರ್ 3ರ ದಿನಾಂಕ ಹೊತ್ತ ಯೂನಿಕ್ಸಿನ ಮೊದಲ ಕೈಪಿಡಿಯಲ್ಲೇ ಈ ನಾಲ್ಕೂ ಇವೆ.

ಮೌನಕ್ಕೂ ಕಾರಣ ಅದೇ. ಕೆಲಸ ಸರಿಯಾಗಿ ಮುಗಿದರೆ ಆಜ್ಞೆ ಏನನ್ನೂ ಹೇಳುವುದಿಲ್ಲ. ‘ಆಯಿತು’ ಎಂದು ಮುದ್ರಿಸುವುದಕ್ಕೂ ಸಮಯ ಬೇಕು, ಕಾಗದ ಬೇಕು. ತಪ್ಪಾದರೆ ಮಾತ್ರ ದೂರು. ಹೊಸಬರಿಗೆ ಇದು ಗಾಬರಿ ಹುಟ್ಟಿಸಿದರೂ ಹಳಬರಿಗೆ ಮೌನವೇ ಶುಭಸೂಚನೆ.

1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ‘ಗ್ನೂ’ ಯೋಜನೆಯವರು ಇವೇ ಆಜ್ಞೆಗಳನ್ನು ಎಲ್ಲರೂ ಮುಕ್ತವಾಗಿ ಬಳಸುವಂತೆ ಹೊಸದಾಗಿ ಬರೆದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದೇ ಮಾದರಿಯ ‘ಲಿನಕ್ಸ್’ ಆರಂಭಿಸಿದರು. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಎಲ್ಲವೂ ಲಿನಕ್ಸಿನವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಂ ಪ್ರವೇಗ’ದ ಮುಂದೆ ಕೂತವರು ಟೈಪು ಮಾಡುವುದೂ ಇದೇ ‘ಎಲ್‌ಎಸ್’, ಇದೇ ‘ಸಿಪಿ’.

ಎಲ್ಲಿದ್ದೇನೆ, ಏನಿದೆ?

ಯೂನಿಕ್ಸ್ ಮಾದರಿಯ ಯಂತ್ರದಲ್ಲಿ ಕಡತಗಳೆಲ್ಲ ಒಂದೇ ಮರದ ಎಲೆಗಳು. ಮರ ಮಾತ್ರ ತಲೆಕೆಳಗು. ಬೇರು ಮೇಲೆ, ಕೊಂಬೆ ಕೆಳಗೆ, ನಮ್ಮ ಪುರಾಣದ ಅಶ್ವತ್ಥದ ಹಾಗೆ. ಕೊಂಬೆಗೆ ‘ಡೈರೆಕ್ಟರಿ’ ಎಂದು ಹೆಸರು. ಕೆಲಸ ಮಾಡುವವರು ಯಾವಾಗಲೂ ಯಾವುದಾದರೊಂದು ಕೊಂಬೆಯ ಮೇಲೆ ನಿಂತೇ ಇರುತ್ತಾರೆ.

ಯಾವ ಕೊಂಬೆ ಎಂದು ತಿಳಿಸುವ ಆಜ್ಞೆ ‘ಪಿಡಬ್ಲ್ಯುಡಿ’. ಕನ್ನಡಿಗರ ಕಿವಿಗೆ ಇದು ಲೋಕೋಪಯೋಗಿ ಇಲಾಖೆಯಂತೆ ಕೇಳಿದರೂ, ಇಲ್ಲಿ ಅದರರ್ಥ ‘ಈಗ ನಿಂತಿರುವ ಡೈರೆಕ್ಟರಿಯ ಹೆಸರು ಹೇಳು’ ಎಂದಷ್ಟೆ. ‘ಎಲ್‌ಎಸ್’ ಎಂದರೆ ಅಲ್ಲಿರುವ ಕಡತಗಳ ಪಟ್ಟಿ. ‘ಸಿಡಿ’ ಎಂದರೆ ಬೇರೊಂದು ಕೊಂಬೆಗೆ ಜಿಗಿತ. ‘ಹೂಆಮ್‌ಐ’ ಎಂದರೆ ಯಾವ ಹೆಸರಿನಲ್ಲಿ ಒಳಬಂದಿದ್ದೇವೆ ಎಂಬುದಕ್ಕೆ ಉತ್ತರ. ‘ಹೋಸ್ಟ್‌ನೇಮ್’ ಎಂದರೆ ಯಾವ ಯಂತ್ರದೊಳಗಿದ್ದೇವೆ ಎಂಬುದಕ್ಕೆ ಉತ್ತರ.

ಕೊನೆಯ ಎರಡು ಪ್ರಶ್ನೆ ಹಾಸ್ಯಾಸ್ಪದವೆನಿಸಬಹುದು. ತಾನು ಯಾರು, ಎಲ್ಲಿದ್ದೇನೆ ಎಂದು ಯಾರಾದರೂ ಕೇಳಿಕೊಳ್ಳುವುದುಂಟೆ? ಆದರೆ ಒಬ್ಬ ಅಡ್ಮಿನಿಸ್ಟ್ರೇಟರ್ ಒಂದೇ ಹೊತ್ತಿಗೆ ಹತ್ತಾರು ದೂರದ ಯಂತ್ರಗಳೊಳಗೆ ಕೈಯಿಟ್ಟಿರುತ್ತಾರೆ. ಅದಕ್ಕೆ ಬಳಸುವ ಸುರಕ್ಷಿತ ಮಾರ್ಗ ‘ಎಸ್‌ಎಸ್‌ಎಚ್’ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಾಸ್‌ವರ್ಡ್ ಕಳವಿನ ಪ್ರಕರಣವೊಂದು ನಡೆದ ಮೇಲೆ, 1995ರಲ್ಲಿ, ತಾತು ಊಲೊನೆನ್ ರೂಪಿಸಿದ್ದು. ಎಲ್ಲ ಕಿಟಕಿಗಳೂ ಒಂದೇ ಕಪ್ಪು, ಎಲ್ಲ ಅಕ್ಷರಗಳೂ ಒಂದೇ ಬಿಳಿ. ಯಾವುದು ಯಾವ ಊರಿನ ಯಂತ್ರ ಎಂದು ಮರೆಯುವುದು ಬಲು ಸುಲಭ.

ಓದುವ, ಹುಡುಕುವ ಆಜ್ಞೆಗಳು

‘ಕಡತ’ ಎಂಬ ಕನ್ನಡ ಪದಕ್ಕೂ ಇಲ್ಲಿ ಸ್ವಾರಸ್ಯವಿದೆ. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ, ಅದರ ಮೇಲೆ ಬಳಪದಲ್ಲಿ ಬರೆಯುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಅದೇ ಕಡತ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಸರ್ಕಾರಿ ಕಚೇರಿಯ ಫೈಲಿಗೂ, ಈಗ ಕಂಪ್ಯೂಟರಿನ ಫೈಲಿಗೂ ಅದೇ ಹೆಸರು ಅಂಟಿಕೊಂಡಿದೆ. ಕಪ್ಪು ನೆಲ, ಬಿಳಿ ಅಕ್ಷರ, ಒರೆಸಿದರೆ ಹೋಗುವ ಬರಹ: ಹೋಲಿಕೆ ಚೆನ್ನಾಗಿಯೇ ಇದೆ.

ಕಡತದಲ್ಲಿರುವುದನ್ನು ಪರದೆಗೆ ತರುವ ಆಜ್ಞೆ ‘ಕ್ಯಾಟ್’. ಇದಕ್ಕೂ ಬೆಕ್ಕಿಗೂ ಸಂಬಂಧವಿಲ್ಲ. ಒಂದರ ಹಿಂದೊಂದು ಕೂಡಿಸು ಎಂಬರ್ಥದ ‘ಕ್ಯಾಟನೇಟ್’ ಪದದ ತುಂಡು ಇದು. ಕಡತದ ಬಾಲವನ್ನಷ್ಟೇ ತೋರಿಸುವುದು ‘ಟೇಲ್’. ಸರ್ವರುಗಳು ತಮ್ಮಲ್ಲಿ ನಡೆದುದನ್ನೆಲ್ಲ ‘ಲಾಗ್’ ಎಂಬ ದಿನಚರಿ ಕಡತದಲ್ಲಿ ಬರೆದಿಡುತ್ತವೆ. ಹೊಸ ಸಂಗತಿ ಯಾವಾಗಲೂ ಕೊನೆಗೆ ಸೇರುವುದರಿಂದ ಬಾಲ ನೋಡಿದರೆ ರೋಗದ ಸುಳಿವು ಸಿಗುತ್ತದೆ.

ಲಕ್ಷ ಸಾಲುಗಳ ನಡುವೆ ಬೇಕಾದ ಪದವನ್ನು ಹೆಕ್ಕುವುದು ‘ಗ್ರೆಪ್’. ಥಾಂಪ್ಸನ್ ಬರೆದ ‘ಇಡಿ’ ಎಂಬ ಸಂಪಾದನ ತಂತ್ರಾಂಶದಲ್ಲಿ ‘ಇಂಥ ಮಾದರಿಯ ಸಾಲನ್ನು ಎಲ್ಲೆಡೆ ಹುಡುಕಿ ಮುದ್ರಿಸು’ ಎಂದು ಹೇಳಲು ಬಳಸುತ್ತಿದ್ದ ‘ಜಿ’, ‘ಆರ್‌ಇ’, ‘ಪಿ’ ಎಂಬ ಅಕ್ಷರಗಳೇ ಸೇರಿ ಈ ವಿಚಿತ್ರ ಹೆಸರಾಯಿತು.

ಇವು ಒಂದೊಂದೂ ಸಣ್ಣ ಕೆಲಸದವು. ಇವುಗಳನ್ನು ಒಂದಕ್ಕೊಂದು ಜೋಡಿಸುವ ಉಪಾಯವೇ ಯೂನಿಕ್ಸಿನ ದೊಡ್ಡ ಕೊಡುಗೆ. ತೋಟಕ್ಕೆ ನೀರು ಬಿಡುವ ಕೊಳವೆಗೆ ಇನ್ನೊಂದು ತುಂಡು ಸಿಕ್ಕಿಸುವಂತೆ ತಂತ್ರಾಂಶಗಳನ್ನೂ ಸಿಕ್ಕಿಸಬೇಕು ಎಂದು ಬೆಲ್ ಪ್ರಯೋಗಾಲಯದ ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಒಂದೇ ರಾತ್ರಿಯಲ್ಲಿ ಸಾಧಿಸಿ ತೋರಿಸಿದರು. ಎರಡು ಆಜ್ಞೆಗಳ ನಡುವೆ ಒಂದು ನೆಟ್ಟನೆಯ ಗೀಟು ಹಾಕಿದರೆ ಸಾಕು, ಮೊದಲಿನದರ ಉತ್ತರ ಎರಡನೆಯದಕ್ಕೆ ಹರಿಯುತ್ತದೆ. ಪಾಸ್‌ವರ್ಡ್ ತಪ್ಪಿದ ಸಾಲುಗಳನ್ನು ‘ಗ್ರೆಪ್’ ಹೆಕ್ಕಿ ಕೊಡುತ್ತದೆ, ‘ಡಬ್ಲ್ಯುಸಿ’ ಅವನ್ನು ಎಣಿಸುತ್ತದೆ. ರಾತ್ರಿಯಿಡೀ ಕಳ್ಳ ಕೀಲಿಕೈ ಎಷ್ಟು ಸಲ ತಿರುಗಿತು ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ.

ದಿನದ ನಾಡಿ ಪರೀಕ್ಷೆ

ಚೆನ್ನಾಗಿ ನಡೆಯುತ್ತಿದ್ದ ಸೇವೆ ಇದ್ದಕ್ಕಿದ್ದಂತೆ ನಿಂತರೆ ಮೊದಲು ಕೇಳುವ ಆಜ್ಞೆಗಳಲ್ಲಿ ‘ಡಿಎಫ್’ ಒಂದು. ಡಿಸ್ಕಿನಲ್ಲಿ ಉಳಿದ ಜಾಗ ಎಷ್ಟೆಂದು ಅದು ಹೇಳುತ್ತದೆ. ದಿನಚರಿ ಬೆಳೆದು ಬೆಳೆದು ಡಿಸ್ಕು ತುಂಬಿದರೆ ಸರ್ವರ್ ಬರೆಯಲು ಜಾಗವಿಲ್ಲದೆ ಕೈಚೆಲ್ಲುತ್ತದೆ. ಯಾವ ಕೊಂಬೆ ಎಷ್ಟು ಜಾಗ ನುಂಗಿದೆ ಎಂಬುದಕ್ಕೆ ‘ಡಿಯು’. ಯಾವ ಯಾವ ಕೆಲಸ ನಡೆಯುತ್ತಿದೆ ಎಂಬುದಕ್ಕೆ ‘ಪಿಎಸ್’. ಯಾವುದು ಯಂತ್ರದ ಶಕ್ತಿಯನ್ನೆಲ್ಲ ಹೀರುತ್ತಿದೆ ಎಂಬುದಕ್ಕೆ ‘ಟಾಪ್’.

ಹಟಮಾರಿ ಕೆಲಸವನ್ನು ನಿಲ್ಲಿಸುವುದು ‘ಕಿಲ್’. ಹೆಸರು ಭಯಂಕರವಾದರೂ ಅದು ಮೊದಲು ಕಳಿಸುವುದು ‘ಕೈಲಿರುವುದನ್ನು ಮುಗಿಸಿ ಹೊರಡು’ ಎಂಬ ಸೂಚನೆಯನ್ನು ಮಾತ್ರ. ಅದಕ್ಕೂ ಬಗ್ಗದಿದ್ದರೆ ‘9’ ಎಂಬ ಅಂಕೆ ಸೇರಿಸಬೇಕು. ಆಗ ಮಾತುಕತೆಗೆ ಅವಕಾಶವಿಲ್ಲ.

ಯಂತ್ರದ ಮೇಲೆ ಪೂರ್ಣಾಧಿಕಾರ ಇರುವುದು ‘ರೂಟ್’ ಎಂಬ ಹೆಸರಿಗೆ. ಅದನ್ನು ಸದಾ ಧರಿಸಿ ಓಡಾಡುವುದು ಅಪಾಯವಾದ್ದರಿಂದ, ಒಂದು ಆಜ್ಞೆಯ ಮಟ್ಟಿಗೆ ಮಾತ್ರ ಅಧಿಕಾರ ಎರವಲು ಪಡೆಯುವ ‘ಸುಡೊ’ವನ್ನು 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ರಚಿಸಿದರು. ಮೊದಲ ಸಲ ಬಳಸುವವರಿಗೆ ಅದು ಸಾಮಾನ್ಯವಾಗಿ ಚುಟುಕಾದ ಬುದ್ಧಿವಾದವನ್ನೂ ಹೇಳುತ್ತದೆ. ಟೈಪು ಮಾಡುವ ಮುಂಚೆ ಯೋಚಿಸಿ ಎಂಬುದು ಅದರಲ್ಲೊಂದು.

ಕಸದ ಬುಟ್ಟಿ ಇಲ್ಲ

ಈ ಬುದ್ಧಿವಾದ ಏಕೆಂಬುದು ‘ಆರ್‌ಎಂ’ ಬಳಿಗೆ ಬಂದಾಗ ಅರ್ಥವಾಗುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಅಳಿಸಿದ ಕಡತ ಕಸದ ಬುಟ್ಟಿಗೆ ಬೀಳುತ್ತದೆ. ಬೇಕೆಂದರೆ ಹೆಕ್ಕಿಕೊಳ್ಳಬಹುದು. ಇಲ್ಲಿ ಬುಟ್ಟಿಯೇ ಇಲ್ಲ. ‘ಆರ್‌ಎಂ’ ಮನೆಯನ್ನು ಕೆಡವುವುದಿಲ್ಲ. ಪಂಚಾಯಿತಿ ದಫ್ತರದಿಂದ ಮನೆಯ ಹೆಸರು ಹೊಡೆದು, ನಿವೇಶನ ಖಾಲಿ ಎಂದು ಬರೆದುಬಿಡುತ್ತದೆ. ಮುಂದೆ ಬಂದವರು ಅಲ್ಲೇ ಕಟ್ಟಿಕೊಳ್ಳುತ್ತಾರೆ. ಇದಕ್ಕೆ ‘ಆರ್’ ಸೇರಿಸಿದರೆ ಕೊಂಬೆಯ ಕೆಳಗಿನ ಎಲ್ಲ ಕವಲುಗಳೂ ಹೋಗುತ್ತವೆ. ‘ಎಫ್’ ಸೇರಿಸಿದರೆ ‘ನಿಜವಾಗಿಯೂ?’ ಎಂದು ಒಮ್ಮೆಯೂ ಕೇಳುವುದಿಲ್ಲ.

1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ಇಂಥದೊಂದು ಆಜ್ಞೆ ತಪ್ಪಾದ ಜಾಗದಲ್ಲಿ ಓಡಿತು. ನೋಡನೋಡುತ್ತಿದ್ದಂತೆ ಪಾತ್ರಗಳು ಒಂದೊಂದಾಗಿ ಮಾಯವಾದವು. ಯಂತ್ರದ ತಂತಿ ಕೀಳುವಷ್ಟರಲ್ಲಿ ಚಿತ್ರದ ಬಹುಪಾಲು ಹೋಗಿತ್ತು. ಮೀಸಲು ಪ್ರತಿ ಇಟ್ಟ ಟೇಪುಗಳನ್ನು ತೆಗೆದು ನೋಡಿದರೆ ಅವೂ ಕೈಕೊಟ್ಟಿದ್ದವು. ಹೆರಿಗೆಯ ಬಳಿಕ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗೇಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಕೂಸಿನಂತೆ ಕಾಪಾಡಿಕೊಂಡು ತಂದರು.

2017ರ ಜನವರಿ 31ರಂದು ‘ಗಿಟ್‌ಲ್ಯಾಬ್’ ಸಂಸ್ಥೆಯ ಎಂಜಿನಿಯರೊಬ್ಬರು ಎರಡನೆಯ ಸರ್ವರಿನಲ್ಲಿ ಅಳಿಸಬೇಕಾದ್ದನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು 4.5 ಮಾತ್ರ. ನಿತ್ಯದ ಮೀಸಲು ಪ್ರತಿ ಬಹುಕಾಲದಿಂದ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಎಚ್ಚರಿಸುವ ಮಿಂಚಂಚೆಯೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್ ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಸಿಕ್ಕಿತು. ನಡುವಿನ ಆರು ಗಂಟೆಗಳ ಮಾಹಿತಿ ಮರಳಲಿಲ್ಲ. ಸಂಸ್ಥೆ ಏನನ್ನೂ ಬಚ್ಚಿಡದೆ ಎಲ್ಲವನ್ನೂ ಪ್ರಕಟಿಸಿತು. ಸುಧಾರಣೆಗಳ ಪಟ್ಟಿಯಲ್ಲಿ ಒಂದು ಬಹಳ ಸರಳ: ಆಜ್ಞೆ ಟೈಪಿಸುವ ಸಾಲಿನ ಆರಂಭದಲ್ಲಿ ಇದು ಯಾವ ಯಂತ್ರ ಎಂಬುದು ಎದ್ದು ಕಾಣಬೇಕು.

ತಪ್ಪಿಗೆ ಇಡೀ ವಾಕ್ಯವೇ ಬೇಕಿಲ್ಲ. 2011ರಲ್ಲಿ ‘ಬಂಬಲ್‌ಬೀ’ ಎಂಬ ತಂತ್ರಾಂಶವನ್ನು ಅಳವಡಿಸುವ ಆಜ್ಞಾಪಟ್ಟಿಯಲ್ಲಿ ಎರಡು ಪದಗಳ ನಡುವೆ ಒಂದು ಖಾಲಿ ಜಾಗ ಹೆಚ್ಚಾಗಿ ನುಸುಳಿತ್ತು. ಒಂದು ಸಣ್ಣ ಕವಲನ್ನು ಅಳಿಸಬೇಕಿದ್ದ ‘ಆರ್‌ಎಂ’ ಯಂತ್ರದ ಮುಖ್ಯ ಕೊಂಬೆಯೊಂದನ್ನೇ ಕಡಿದುಹಾಕಿತು.

ನೋಡು, ಆಮೇಲೆ ಮಾಡು

ಯೂನಿಕ್ಸ್ ಕಟ್ಟಿದವರು ತಮ್ಮಂಥ ಬಲ್ಲವರಿಗಾಗಿ ಕಟ್ಟಿದರು. ಹೇಳಿದವರಿಗೆ ಹೇಳಿದ್ದೇನೆಂದು ಗೊತ್ತಿದೆ ಎಂಬುದು ಅದರ ನಂಬಿಕೆ. ಈ ನಂಬಿಕೆಯಿಂದಲೇ ಒಬ್ಬರು ಸಾವಿರ ಯಂತ್ರಗಳನ್ನು ಆಳಬಲ್ಲರು. ಅದೇ ನಂಬಿಕೆಯಿಂದ ಒಂದು ಸೆಕೆಂಡಿನಲ್ಲಿ ವರ್ಷದ ದುಡಿಮೆ ಹೋಗಲೂಬಹುದು.

ಆದ್ದರಿಂದ ಅನುಭವಿಗಳು ಕೆಲವು ಕ್ರಮಗಳನ್ನು ತಪ್ಪದೆ ಪಾಲಿಸುತ್ತಾರೆ. ಅಳಿಸುವ ಮುನ್ನ ‘ಹೋಸ್ಟ್‌ನೇಮ್’ ಮತ್ತು ‘ಪಿಡಬ್ಲ್ಯುಡಿ’. ‘ಆರ್‌ಎಂ’ಗೆ ಕೊಡಲಿರುವ ಹೆಸರನ್ನೇ ಮೊದಲು ‘ಎಲ್‌ಎಸ್’ಗೆ ಕೊಟ್ಟು, ಯಾವ ಯಾವ ಕಡತ ಸಿಕ್ಕಿಬೀಳುತ್ತದೆಂದು ಕಣ್ಣಾರೆ ನೋಡುವುದು. ಸಂಶಯವಿದ್ದರೆ ‘ಐ’ ಸೇರಿಸಿ, ಒಂದೊಂದಕ್ಕೂ ಒಪ್ಪಿಗೆ ಕೇಳುವಂತೆ ಮಾಡುವುದು. ಆಜ್ಞೆಯ ಅರ್ಥ ಗೊತ್ತಿಲ್ಲದಿದ್ದರೆ ‘ಮ್ಯಾನ್’ ಎಂದು ಕೇಳಿ ಯಂತ್ರದೊಳಗಿನ ಕೈಪಿಡಿ ಓದುವುದು. ಮೀಸಲು ಪ್ರತಿ ತೆಗೆದಿಟ್ಟರೆ ಸಾಲದು, ಆಗಾಗ ಅದರಿಂದ ಕಡತಗಳನ್ನು ಮರಳಿ ಪಡೆದು ನೋಡುವುದು. ಪಿಕ್ಸಾರ್‌ನಲ್ಲೂ ಗಿಟ್‌ಲ್ಯಾಬ್‌ನಲ್ಲೂ ಪ್ರತಿ ಇದೆಯೆಂಬ ಭರವಸೆ ಇತ್ತು, ಬೇಕಾದಾಗ ಪ್ರತಿ ಇರಲಿಲ್ಲ.

ನಿತ್ಯದ ಆಜ್ಞೆಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಅದರಲ್ಲಿ ಬದಲಾವಣೆ ಮಾಡುವಂಥವು ಬೆರಳೆಣಿಕೆಯಷ್ಟು. ಉಳಿದವೆಲ್ಲ ನೋಡುವವು, ಹುಡುಕುವವು, ಎಣಿಸುವವು, ಎಲ್ಲಿದ್ದೇವೆಂದು ತಿಳಿಸುವವು. ಒಳ್ಳೆಯ ವೈದ್ಯ ನಾಡಿ ಹಿಡಿದ ಮೇಲೆಯೇ ಔಷಧ ಬರೆಯುತ್ತಾನೆ. ಕಪ್ಪು ಪರದೆಯ ಮುಂದೆ ಕೂತವರಿಗೂ ಅದೇ ಪಾಠ: ಎಲ್ಲ ಎರಡಕ್ಷರಗಳಲ್ಲಿ ‘ಎಲ್‌ಎಸ್’ ಮೊದಲು, ‘ಆರ್‌ಎಂ’ ಕಟ್ಟಕಡೆಗೆ.