ನಿಮಗಿದು ಗೊತ್ತೆ? ಕಡಲಮೀನಿಗೆ ಚಿಕ್ಕ ತೊಟ್ಟಿಯೇ ಕಷ್ಟ

ಉಪ್ಪುನೀರಿನ ಅಕ್ವೇರಿಯಂ ಚಿಕ್ಕದಾದಷ್ಟೂ ಸಲೀಸು ಎಂದು ಹೊಸಬರು ನಂಬುತ್ತಾರೆ. ಆದರೆ ಲೆಕ್ಕ ಉಲ್ಟಾ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. 40 ಲೀಟರಿನ ತೊಟ್ಟಿಯಲ್ಲಿ ಒಂದು ಲೀಟರ್ ಆರಿದರೆ ಆ 35 ಗ್ರಾಂ 36ರ ಹತ್ತಿರಕ್ಕೆ ಏರುತ್ತದೆ. 400 ಲೀಟರಿನ ತೊಟ್ಟಿಯಲ್ಲಾದರೆ ಗೊತ್ತೇ ಆಗದು. (ಆರಿದ್ದಕ್ಕೆ ಬದಲಾಗಿ ಹಾಕಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು, ಇಲ್ಲಿ ಎಡವುವವರು ಬಹಳ.)

ದೊಡ್ಡ ತೊಟ್ಟಿ ಕೊಳ್ಳುವಾಗ ಲೀಟರಿಗಿಂತ ಮೊದಲು ಉದ್ದ ನೋಡಿ. ‘ಫೈಂಡಿಂಗ್ ನೀಮೋ’ ಚಿತ್ರದ ನೀಮೋ ಜಾತಿಯ ಕ್ಲೌನ್ ಮೀನು ಬೆಳೆದರೂ 10 ಸೆಂ.ಮೀ. ಆಸುಪಾಸು, 100 ಲೀಟರಿನಲ್ಲಿ ಒಂದು ಜೋಡಿ ಹಾಯಾಗಿರುತ್ತದೆ. ಅದೇ ಚಿತ್ರದ ಡೋರಿ, ಅಂದರೆ ನೀಲಿ ಟ್ಯಾಂಗ್, ಅಂಗಡಿಯಲ್ಲಿ ಬೆರಳುದ್ದದ ಮರಿ. ಬೆಳೆದರೆ 30 ಸೆಂ.ಮೀ. ಮುಟ್ಟಬಲ್ಲದು, ದಿನವಿಡೀ ಅತ್ತಿಂದಿತ್ತ ಈಜುವ ಜಾತಿ. ಅದಕ್ಕೆ ಆರಡಿ ಉದ್ದವಾದರೂ ಬೇಕು.

ಆದರೆ ತೂಕ? 6×2×2 ಅಡಿಯ ತೊಟ್ಟಿಗೆ ಸುಮಾರು 680 ಲೀಟರ್ ಹಿಡಿಯುತ್ತದೆ. ಉಪ್ಪುನೀರೊಂದೇ 700 ಕೆ.ಜಿ.ಯಷ್ಟು, ಗಾಜು, ಕಲ್ಲು, ಸ್ಟ್ಯಾಂಡ್ ಬೇರೆ. ಮಹಡಿ ಮನೆಯವರು ಎಂಜಿನಿಯರನ್ನು ಕೇಳದೆ ಮುಂಗಡ ಕೊಡಬಾರದು. ಮೊದಲ ಭರ್ತಿಗೆ 24 ಕೆ.ಜಿ. ಉಪ್ಪು, ಆಮೇಲೆ ಪ್ರತಿ ಸಲ ಶೇ 10ರಷ್ಟು ನೀರು ಬದಲಿಸಲು 2.4 ಕೆ.ಜಿ.

ಎತ್ತರದ ತೊಟ್ಟಿ ನೋಡಲು ಚಂದ, ಆದರೆ ತಳ ಉಜ್ಜಲು ಕೈ ಎಟುಕದು, ಹವಳಕ್ಕೆ ಬೆಳಕೂ ಸಾಲದು. ಚಿಕ್ಕದರಿಂದ ದೊಡ್ಡದಕ್ಕೆ ಬದಲಾಗುವವರು ಹಳೆಯ ತೊಟ್ಟಿಯ ಕಲ್ಲುಗಳನ್ನು ಸಾಗಿಸುವಾಗ ಉಪ್ಪುನೀರಿನಲ್ಲೇ ಮುಳುಗಿಸಿಡಿ. ಮೀನಿನ ಕಸದ ಅಮೋನಿಯಾ ನಿವಾರಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ಬದುಕಿರುವುದು ಅವುಗಳಲ್ಲೇ.