ಭಾರವನ್ನು ಹೊರಬೇಕಾದ ಪಟ್ಟಿ ಯಾವುದು?

ಬಾವಿಯ ರಾಟೆಯನ್ನು ಎಲ್ಲರೂ ಬಲ್ಲರು. 10 ಕಿಲೋಗ್ರಾಂ ತೂಕದ ಕೊಡವನ್ನು ಹಗ್ಗಕ್ಕೆ ಕಟ್ಟಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ನಿಂತೆವೆಂದು ಭಾವಿಸೋಣ. ಕೊಡವು ಕೆಳಗಿಳಿಯದಂತೆ ತಡೆಯಬೇಕಾದರೆ ಕೈಯೂ 10 ಕಿಲೋಗ್ರಾಂ ತೂಕದಷ್ಟೇ ಬಲದಿಂದ ಹಗ್ಗವನ್ನು ಕೆಳಕ್ಕೆ ಎಳೆಯಬೇಕು. ಹಾಗಾದರೆ ರಾಟೆಯನ್ನು ಹೊತ್ತ ತೊಲೆಯ ಮೇಲೆ ಬೀಳುವ ಭಾರವೆಷ್ಟು? ಹತ್ತಲ್ಲ, ಇಪ್ಪತ್ತು. ತರಗತಿಯಲ್ಲಿ ನಾವು ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ಹತ್ತೆಂದು ಉತ್ತರಿಸುವ ವಿದ್ಯಾರ್ಥಿಗಳೇ ಹೆಚ್ಚು.

ಈ ಲೆಕ್ಕವು ಬಾವಿಕಟ್ಟೆಯಲ್ಲಿಯೇ ಮುಗಿಯುವುದಿಲ್ಲ. ನಮ್ಮ ಅಜ್ಜಿಯರು 'ಬಾಡಿ' ಎಂದು ಕರೆಯುತ್ತಿದ್ದ, ಇಂದು ಎಲ್ಲರೂ ಬ್ರಾ ಎನ್ನುವ ಒಳಉಡುಪಿಗೂ ಇದು ಅನ್ವಯಿಸುತ್ತದೆ. ತುಂಬಿದ ಎದೆಯ ಎಷ್ಟೋ ಮಂದಿ ಸ್ತ್ರೀಯರಿಗೆ ಸಂಜೆಯ ಹೊತ್ತಿಗೆ ಭುಜದ ಮೇಲೆ ಪಟ್ಟಿಯ ಗುರುತು ತಗ್ಗಾಗಿ ಮೂಡಿರುತ್ತದೆ. ಕುತ್ತಿಗೆ, ಬೆನ್ನುಗಳು ನೋಯುತ್ತವೆ. ಇದು ತಮ್ಮ ಮೈಕಟ್ಟಿನ ದೋಷವೆಂದು ತಿಳಿದು, ಯಾರೊಡನೆಯೂ ಹೇಳಲಾರದೆ ಸಹಿಸುವವರೇ ಬಹಳ. ದೋಷವು ದೇಹದ್ದಲ್ಲ, ಬಹುಮಟ್ಟಿಗೆ ಅಳತೆಯದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ದೇಹರಚನೆ. ಸ್ತನದಲ್ಲಿ ಅದನ್ನು ಎತ್ತಿಹಿಡಿಯುವ ಸ್ನಾಯುವಿಲ್ಲ. ಕೊಬ್ಬು ಮತ್ತು ಹಾಲಿನ ಗ್ರಂಥಿಗಳಿಂದಾದ ಆ ಮೃದುಭಾಗವು ಎದೆಯ ಸ್ನಾಯುವಿನ ಮೇಲೆ ಕುಳಿತಿದೆ. ಅದಕ್ಕೆ ಆಧಾರವೆಂದರೆ ಚರ್ಮ ಮತ್ತು ಒಳಗೆ ಹೆಣೆದುಕೊಂಡಿರುವ ತೆಳುವಾದ ತಂತುಗಳು. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರನು 1840ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವನ್ನು ವರ್ಣಿಸಿದುದರಿಂದ ಇವಕ್ಕೆ ಕೂಪರನ ತಂತುಗಳೆಂದೇ ಹೆಸರು. ಆಧಾರವು ಇಷ್ಟು ನಯವಾಗಿರುವಾಗ, ಭಾರ ಹೆಚ್ಚಿದಂತೆ ಹೊರಗಿನ ಆಸರೆ ಬೇಕೆನಿಸುವುದು ಸಹಜವೇ.

ಈಗ ಲೆಕ್ಕಕ್ಕೆ ಬರೋಣ. ಒಂದೊಂದು ಸ್ತನದ ತೂಕವು 700 ಗ್ರಾಂ ಎಂದೂ, ಅದನ್ನೆಲ್ಲ ಭುಜದ ಪಟ್ಟಿಗಳೇ ಹೊರುತ್ತವೆಯೆಂದೂ ಇಟ್ಟುಕೊಳ್ಳೋಣ. ಪಟ್ಟಿಯು ಮುಂದಿನಿಂದ ಹೊರಟು ಭುಜವನ್ನೇರಿ ಬೆನ್ನಿಗೆ ಇಳಿಯುತ್ತದೆಯಷ್ಟೆ. ಇಲ್ಲಿ ಭುಜವೇ ರಾಟೆ. ಮುಂದೆ 700 ಗ್ರಾಂ ಎಳೆತವಿದ್ದರೆ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಎಳೆತವಿರಬೇಕು. ಘರ್ಷಣೆಯಿಂದ ತುಸು ವ್ಯತ್ಯಾಸವಾಗಬಹುದು. ಹೀಗಾಗಿ ಒಂದೊಂದು ಭುಜದ ಮೇಲೆ ಬೀಳುವ ಭಾರವು 1,400 ಗ್ರಾಮಿಗೆ ಹತ್ತಿರವಾಗುತ್ತದೆ. ಪಟ್ಟಿಯ ಅಗಲ 1 ಸೆಂಟಿಮೀಟರು, ಭುಜಕ್ಕೆ ತಾಗುವ ಉದ್ದ 10 ಸೆಂಟಿಮೀಟರು ಆದರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 140 ಗ್ರಾಂ ಒತ್ತಡ. ಅಗಲವನ್ನು 2 ಸೆಂಟಿಮೀಟರಿಗೆ ಏರಿಸಿದರೆ ಒತ್ತಡವು ಅರ್ಧಕ್ಕಿಳಿಯುತ್ತದೆ, ಆದರೆ ಭುಜದ ಒಟ್ಟು ಹೊರೆ ಕಡಿಮೆಯಾಗುವುದಿಲ್ಲ. ನಡೆಯುವಾಗ, ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಯ ಕುಲುಕಿಗೂ ಈ ಹೊರೆ ಕ್ಷಣಕಾಲ ಇನ್ನಷ್ಟು ಹೆಚ್ಚುತ್ತದೆ.

ಆದುದರಿಂದ ಭಾರವನ್ನು ಹೊರಬೇಕಾದುದು ಭುಜದ ಪಟ್ಟಿಯಲ್ಲ. ಎದೆಯ ಕೆಳಗೆ ಪಕ್ಕೆಲುಬುಗಳನ್ನು ಸುತ್ತುವ ಪಟ್ಟಿ. ಅದು ಸುತ್ತಲೂ ಬಿಗಿಯಾಗಿ ಕುಳಿತಾಗ ಬಟ್ಟಲುಗಳಿಗೆ ಕೆಳಗಿನಿಂದ ಆಧಾರ ದೊರೆಯುತ್ತದೆ. 80 ಸೆಂಟಿಮೀಟರು ಉದ್ದ, 4 ಸೆಂಟಿಮೀಟರು ಅಗಲದ ಪಟ್ಟಿಯು 320 ಚದರ ಸೆಂಟಿಮೀಟರುಗಳಷ್ಟು ವಿಸ್ತಾರದಲ್ಲಿ ಮೈಯನ್ನು ಮುಟ್ಟುತ್ತದೆ. ಅದು ಸಡಿಲವಾಗಿದ್ದರೋ, ಮುಂಭಾಗ ಕುಸಿಯುತ್ತದೆ, ಹಿಂಭಾಗವನ್ನು ಭುಜದ ಪಟ್ಟಿಗಳು ಮೇಲಕ್ಕೆಳೆಯುತ್ತವೆ. ಆಗ ಎಲ್ಲರೂ ಮಾಡುವ ಉಪಾಯವೆಂದರೆ ಭುಜದ ಪಟ್ಟಿಯನ್ನು ಇನ್ನೂ ಬಿಗಿಮಾಡುವುದು. ಇದರಿಂದ ಹಿಂಭಾಗವು ಮತ್ತಷ್ಟು ಮೇಲೇರಿ, ಭುಜದ ನೋವು ಹೆಚ್ಚುತ್ತದೆಯೇ ಹೊರತು ಆಸರೆ ದೊರೆಯುವುದಿಲ್ಲ.

ಉತ್ತರ ಕರ್ನಾಟಕದ ಹೆಂಗಸರು ಗುಳೇದಗುಡ್ಡದ ಖಣದಿಂದ ಹೊಲಿಸಿ ತೊಡುತ್ತಿದ್ದ ಕುಪ್ಪಸವನ್ನು ನೋಡಿದವರಿಗೆ ಈ ತತ್ತ್ವ ಹೊಸದೆನಿಸದು. ಅದರ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟುಹಾಕುತ್ತಿದ್ದರು. ಎಷ್ಟು ಬಿಗಿ ಬೇಕೆಂಬುದನ್ನು ಉಡುವವಳ ಕೈಯೇ ಪ್ರತಿದಿನವೂ ನಿರ್ಧರಿಸುತ್ತಿತ್ತು. ಸಿದ್ಧ ಉಡುಪಿನಲ್ಲಿ ಆ ನಿರ್ಧಾರವನ್ನು ಒಂದು ಸಂಖ್ಯೆ, ಒಂದು ಅಕ್ಷರಗಳಿಗೆ ಒಪ್ಪಿಸಿದ್ದೇವೆ.

ಅಕ್ಷರಗಳಿಂದ ಬಟ್ಟಲಿನ ಗಾತ್ರವನ್ನು ಸೂಚಿಸುವ ರೂಢಿ 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಸಂಖ್ಯೆಯು ಸುತ್ತುಪಟ್ಟಿಯದು, ಅಕ್ಷರವು ಎದೆಯ ಸುತ್ತಳತೆಗೂ ಅದಕ್ಕೂ ಇರುವ ಅಂತರದ್ದು. ಬ್ರಿಟಿಷ್ ಕ್ರಮದಲ್ಲಿ 1 ಅಂಗುಲ ಅಂತರಕ್ಕೆ ಎ, 2ಕ್ಕೆ ಬಿ, 3ಕ್ಕೆ ಸಿ, 4ಕ್ಕೆ ಡಿ, 5ಕ್ಕೆ ಡಿಡಿ, 6ಕ್ಕೆ ಇ. ಆದ್ದರಿಂದ 'ಡಿ' ಎಂಬುದೇ ಒಂದು ನಿಶ್ಚಿತ ಗಾತ್ರವಲ್ಲ: 34ರ ಡಿ ಬಟ್ಟಲೂ 36ರ ಸಿ ಬಟ್ಟಲೂ ಹೆಚ್ಚುಕಡಿಮೆ ಸಮಾನ.

ತೊಡಕು ಇರುವುದು ಸಂಖ್ಯೆಯಲ್ಲಿ. ಎದೆಯ ಕೆಳಗಿನ ಅಳತೆಗೆ 4 ಅಥವಾ 5 ಅಂಗುಲ ಕೂಡಿಸುವ ಹಳೆಯ ಪದ್ಧತಿಯೊಂದುಂಟು. ಏನನ್ನೂ ಕೂಡಿಸದ ಪದ್ಧತಿಯೂ ಉಂಟು. ಎದೆಯ ಕೆಳಗೆ 32 ಅಂಗುಲ, ಎದೆಯ ಮೇಲೆ 38 ಅಂಗುಲ ಇರುವವಳು ಮೊದಲನೆಯ ಪದ್ಧತಿಯಲ್ಲಿ '36 ಬಿ' ಆಗುತ್ತಾಳೆ, ಎರಡನೆಯದರಲ್ಲಿ '32 ಇ'! ದೇಹವೊಂದೇ, ಹೆಸರೆರಡು. ಇದಲ್ಲದೆ ದೊಡ್ಡ ಬಟ್ಟಲುಗಳನ್ನು ತರಿಸದ ಅಂಗಡಿಗಳಲ್ಲಿ, ಬಟ್ಟಲು ಸಾಲದೆಂದರೆ ಸುತ್ತಳತೆಯನ್ನೇ ಹೆಚ್ಚಿಸಿ ಕೊಡುವುದು ವಾಡಿಕೆ. ತುಂಬಿದ ಎದೆಯವರಿಗೆ ಸಡಿಲ ಪಟ್ಟಿ ದೊರೆಯುವುದು ಹೀಗೆ. ಹೊರೆ ಭುಜಕ್ಕೇರುವುದೂ ಹೀಗೆಯೇ.

ಇದಕ್ಕೆ ಪರಿಹಾರವೇನು? ಆಯಾ ತಯಾರಕರ ಕೋಷ್ಟಕವನ್ನು ನೋಡಿ ಆರಂಭಿಸಬೇಕು, ಆದರೆ ಕೊನೆಯ ತೀರ್ಪನ್ನು ಮೈಗೇ ಬಿಡಬೇಕು. ಹೊಸದನ್ನು ಅತ್ಯಂತ ಸಡಿಲವಾದ ಕೊಕ್ಕೆಗೆ ಹಾಕಿ ನೋಡಿರಿ. ಎಲಾಸ್ಟಿಕ್ ದಿನಕಳೆದಂತೆ ಹಿಗ್ಗುವುದರಿಂದ ಒಳಗಿನ ಕೊಕ್ಕೆಗಳು ಮುಂದಕ್ಕೆ ಬೇಕಾಗುತ್ತವೆ. ಪಟ್ಟಿಯು ಮುಂದೆಯೂ ಹಿಂದೆಯೂ ಒಂದೇ ಮಟ್ಟದಲ್ಲಿರಬೇಕು. ಅದರಡಿಯಲ್ಲಿ ಎರಡು ಬೆರಳು ತೂರಬೇಕು, ಉಸಿರಾಟ ಸರಾಗವಾಗಿರಬೇಕು. ಬಟ್ಟಲುಗಳ ನಡುವಿನ ಭಾಗ ಎದೆಯೆಲುಬಿಗೆ ತಾಗಿರಬೇಕು. ಅಂಚಿನಲ್ಲಿ ಮೈ ಉಬ್ಬಿ ಹೊರಬರಬಾರದು. ತಂತಿಯಿದ್ದರೆ ಅದು ಸ್ತನದ ಮೇಲೆ ಕೂರದೆ ಸುತ್ತಲೂ ಕೂರಬೇಕು. ಕೊನೆಗೆ ಭುಜದ ಪಟ್ಟಿಗಳೆರಡನ್ನೂ ಕೆಳಗಿಳಿಸಿ ನೋಡಿರಿ. ಉಡುಪು ಕುಸಿಯದೆ ನಿಂತರೆ ಭಾರವು ಸರಿಯಾದ ಸ್ಥಳದಲ್ಲಿದೆಯೆಂದರ್ಥ. ಬಟ್ಟಲು ಸರಿಹೊಂದಿ ಪಟ್ಟಿ ಮಾತ್ರ ಸಡಿಲವಾಗಿದ್ದರೆ, ಸಂಖ್ಯೆಯಲ್ಲಿ ಒಂದು ಮೆಟ್ಟಿಲು ಇಳಿದು ಅಕ್ಷರದಲ್ಲಿ ಒಂದು ಮೆಟ್ಟಿಲು ಏರಬೇಕು. ಇಷ್ಟಾದರೂ ನೋವು ಉಳಿದರೆ ವೈದ್ಯರನ್ನು ಕಾಣುವುದು ಲೇಸು.

ಕನ್ನಡಕವನ್ನು ಕೊಳ್ಳುವಾಗ ನಮ್ಮ ಕಣ್ಣಿನ ಸಂಖ್ಯೆಯನ್ನು ಯಾರೂ ಪಿಸುಗುಟ್ಟುವುದಿಲ್ಲ. ಬೇಕಾದ ಗಾಜು ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಿರೆಂದು ಹೇಳುತ್ತೇವೆ. ಈ ಅಳತೆಯೂ ಅಂತಹುದೇ. ಕೇಳುವವರಿದ್ದರೆ ಅಂಗಡಿಯವನೂ ತರಿಸುತ್ತಾನೆ. ತಾಯಂದಿರು ಹೆಣ್ಣುಮಕ್ಕಳಿಗೆ ಇದನ್ನು ಸಂಕೋಚವಿಲ್ಲದೆ ತಿಳಿಸಿಕೊಟ್ಟರೆ, ಮುಂದಿನ ಪೀಳಿಗೆಯ ಭುಜಗಳಾದರೂ ಸಲ್ಲದ ಹೊರೆಯಿಂದ ಬಿಡುಗಡೆ ಪಡೆದಾವು.