ಹಿರಿಯೂರು ದಾಟಿದ ಮೇಲೆ

ನಮ್ಮ ಮನೆಯಲ್ಲಿರುವುದು ಒಂದೇ ಕಾರು, ಅದೂ ವಿದ್ಯುತ್ ಕಾರು ಎಂದು ತಿಳಿದೊಡನೆ ಪರಿಚಿತರೆಲ್ಲರೂ ಕೇಳುವ ಪ್ರಶ್ನೆ ಒಂದೇ: 'ಹಾಗಾದರೆ ಊರಿಗೆ ಹೇಗೆ ಹೋಗುತ್ತೀರಿ?' ಪ್ರಶ್ನೆ ಅಸಂಗತವೇನಲ್ಲ. ಬೆಂಗಳೂರಿನಲ್ಲಿ ವಾಸಿಸುವ ಬಹುತೇಕರಿಗೆ ಇನ್ನೊಂದು ಊರಿದೆ. ನನ್ನದು ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ, ಇಲ್ಲಿಂದ ಸುಮಾರು 230 ಕಿಲೋಮೀಟರ್. ಎಂಬತ್ತರ ಹೊಸ್ತಿಲಲ್ಲಿರುವ ಅಕ್ಕ ಅಲ್ಲಿಯೇ ಹಳೆಯ ಮನೆಯಲ್ಲಿದ್ದಾರೆ. ವರ್ಷಕ್ಕೆ ಏಳೆಂಟು ಬಾರಿ ಹೋಗಿಬರುತ್ತೇನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಪ್ರಶ್ನೆಯ ಹಿಂದಿನ ತರ್ಕ ವಿಚಿತ್ರವೆನಿಸುತ್ತದೆ. ವರ್ಷದ 365 ದಿನಗಳಲ್ಲಿ 340 ದಿನ ನಮ್ಮ ಕಾರು ಓಡುವುದು ಮೂವತ್ತು ಕಿಲೋಮೀಟರಿನೊಳಗೆ. ಉಳಿದ ಕೆಲವು ದಿನಗಳ ಗರಿಷ್ಠ ಬೇಡಿಕೆಗಾಗಿ ವರ್ಷವಿಡೀ ಪೆಟ್ರೋಲ್ ಕಾರೊಂದನ್ನು ಸಾಕುವುದು, ಮಗಳ ಮದುವೆಗೆ ಬೇಕಾದೀತೆಂದು ಛತ್ರವನ್ನೇ ಖರೀದಿಸಿದಂತೆ. ವಿಮೆ, ಸವಕಳಿ, ನಿಲ್ಲಿಸಲು ಜಾಗ ಇವೆಲ್ಲ ಸ್ಥಿರ ವೆಚ್ಚಗಳು. ಕಾರು ಓಡಲಿ, ಬಿಡಲಿ ತೆರಲೇಬೇಕು. ಬಾಡಿಗೆ ಟ್ಯಾಕ್ಸಿ ದುಬಾರಿಯೆನಿಸಿದರೂ ಅದರ ವೆಚ್ಚ ಬೀಳುವುದು ಬಳಸಿದ ದಿನ ಮಾತ್ರ. ಅಲ್ಲದೆ ಬೆಂಗಳೂರು-ಬಳ್ಳಾರಿ ಬಸ್ಸುಗಳು ನಮ್ಮೂರಿನ ಮೇಲೆಯೇ ಹೋಗುತ್ತವೆ ಎಂಬುದನ್ನು ಕಾರಿನವರು ಬೇಗ ಮರೆಯುತ್ತಾರೆ.

ಆದರೂ ನಾನು ಹೆಚ್ಚಾಗಿ ಕಾರಿನಲ್ಲಿಯೇ ಹೋಗುತ್ತೇನೆ. ಲೆಕ್ಕ ಹೀಗಿದೆ. ಬ್ಯಾಟರಿ ಹಿಡಿಸುವುದು 30 ಯೂನಿಟ್. ಕಂಪನಿ ಏನೇ ಹೇಳಿಕೊಳ್ಳಲಿ, ಹೆದ್ದಾರಿಯಲ್ಲಿ ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಸಿಕ್ಕರೆ ನನ್ನ ಪಾಲಿಗೆ ಸಮಾಧಾನ. ಹಿರಿಯೂರು 160 ಕಿಲೋಮೀಟರ್. ಅಲ್ಲಿಗೆ 23 ಯೂನಿಟ್ ಮುಗಿದಿರುತ್ತದೆ. ಅಲ್ಲಿ ಮುಕ್ಕಾಲು ಗಂಟೆ ನಿಂತು ಶೇ 80ರಷ್ಟು ತುಂಬಿಸಿಕೊಳ್ಳುತ್ತೇನೆ. ಅದರಾಚೆಗೆ ಚಾರ್ಜಿಂಗ್ ವೇಗ ಕುಗ್ಗುವುದರಿಂದ ಕಾಯುವುದು ವ್ಯರ್ಥ. ತಿಂಡಿ, ಕಾಫಿ, ಪತ್ರಿಕೆ ಮುಗಿಯುವಷ್ಟು ಹೊತ್ತು ಅದು. ಬೆಂಗಳೂರಿನಲ್ಲಿಯೇ ತಯಾರಾದ ರೇವಾ 2001ರಲ್ಲಿ ರಸ್ತೆಗಿಳಿದಾಗ ಒಮ್ಮೆ ಚಾರ್ಜ್ ಮಾಡಿದರೆ ಓಡುತ್ತಿದ್ದುದು ಸುಮಾರು 80 ಕಿಲೋಮೀಟರ್. ತುಮಕೂರು ಮುಟ್ಟಬಹುದಿತ್ತು, ಹಿಂದಿರುಗುವುದು ಬೇರೆ ಮಾತು. ಅದನ್ನು ನೆನೆದರೆ ಮುಕ್ಕಾಲು ಗಂಟೆಯ ಬಗ್ಗೆ ಗೊಣಗಲು ಮನಸ್ಸಾಗದು.

ನಿಜವಾದ ಪರೀಕ್ಷೆ ಆರಂಭವಾಗುವುದು ಹಿರಿಯೂರಿನ ನಂತರ. ಪುಣೆಯತ್ತ ಸಾಗುವ ದೊಡ್ಡ ಹೆದ್ದಾರಿಯನ್ನು ಬಿಟ್ಟು ಚಳ್ಳಕೆರೆಯ ಕಡೆಗೆ ತಿರುಗಿದೊಡನೆ ಚಾರ್ಜಿಂಗ್ ಯಂತ್ರಗಳು ವಿರಳವಾಗುತ್ತವೆ. ಅಲ್ಲಿಂದ ಊರಿಗೆ ಎಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಹೋಗಿ, ಮತ್ತೆ ಹಿರಿಯೂರಿಗೆ ಬರಲು ಕಾಗದದ ಮೇಲೆ ಸಾಲುತ್ತದೆ. ಆದರೆ ಊರಿಗೆ ಹೋದವನು ಮನೆಯಲ್ಲಿಯೇ ಕೂರುವುದಿಲ್ಲವಲ್ಲ! ಮೊಳಕಾಲ್ಮೂರಿನಲ್ಲಿ ಕಚೇರಿ ಕೆಲಸ, ರಾಯದುರ್ಗದಲ್ಲಿ ನೆಂಟರ ಮನೆ ಇರುತ್ತವೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಏಸಿ ಇಲ್ಲದೆ ಆ ಬಯಲಿನಲ್ಲಿ ಕಾರು ಓಡಿಸುವುದು ಕಷ್ಟ. ಅದೂ ಬ್ಯಾಟರಿಯ ಪಾಲನ್ನು ಕೇಳುತ್ತದೆ.

ಆದ್ದರಿಂದ ಊರಮನೆಯಲ್ಲಿಯೇ ವ್ಯವಸ್ಥೆ ಮಾಡಬೇಕಾಯಿತು. ಹೊರಗಿನವರಿಗೆ ಇದು ಒಂದು ಪ್ಲಗ್ಗಿನ ವಿಷಯ. ಆದರೆ ಹಳೆಯ ಮನೆಯ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್. ಕಾರು ಕೇಳುವುದು ಸುಮಾರು ಮೂರು. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಲೋಡ್ ಹೆಚ್ಚಿಸಿಕೊಂಡದ್ದಾಯಿತು. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರು ವಿದ್ಯುತ್ತನ್ನು ಸ್ವೀಕರಿಸುವುದೇ ಇಲ್ಲ. ಊರಿನ ವೈರ್‌ಮನ್ ಹಿತ್ತಿಲಿನಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ಸುರಿದು ಹೊಸ ಅರ್ಥಿಂಗ್ ಮಾಡಿಕೊಟ್ಟ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದು ಅಕ್ಕನ ಕೆಲಸ. 'ಗಿಡಕ್ಕೇ ನೀರಿಲ್ಲ, ನಿನ್ನ ಕಾರಿಗೆ ಬಿಂದಿಗೆಗಟ್ಟಲೆ ಸುರೀಬೇಕು ನೋಡಪ್ಪ' ಎಂಬುದು ಅವರ ಆಕ್ಷೇಪ. ಈಗ 15 ಆಂಪಿಯರ್ ಸಾಕೆಟ್ಟಿನಲ್ಲಿ ರಾತ್ರಿ ಆರೇಳು ಗಂಟೆ ಕರೆಂಟು ಉಳಿದರೆ ಬ್ಯಾಟರಿ ತುಂಬುತ್ತದೆ. ಉಳಿಯದ ರಾತ್ರಿಗಳೂ ಇವೆ. ಅಂದು ಪ್ರಯಾಣವನ್ನು ಒಂದು ಹೊತ್ತು ಮುಂದೂಡುತ್ತೇನೆ.

ಮುಂದೂಡಲಾಗದ ಪ್ರಯಾಣವೂ ಇದೆ. ಅಕ್ಕನಿಗೆ ಹುಷಾರಿಲ್ಲವೆಂದು ನಡುರಾತ್ರಿ ಫೋನ್ ಬಂದರೆ? ಒಮ್ಮೆ ಬಂದಿತ್ತು. ಕಾರಿನ ಬ್ಯಾಟರಿ ಅರ್ಧದಷ್ಟಿತ್ತು. ನಾನು ಯೋಚಿಸಲಿಲ್ಲ, ಟ್ಯಾಕ್ಸಿ ಕರೆದೆ. ಬೆಳಗಾಗುವ ಮೊದಲೇ ಊರಿನಲ್ಲಿದ್ದೆ. ಉಳಿತಾಯವಾದ ಪೆಟ್ರೋಲ್ ಹಣದಲ್ಲಿ ಒಂದಿಷ್ಟನ್ನು ಇಂತಹ ರಾತ್ರಿಗಳಿಗೆಂದೇ ಎತ್ತಿಟ್ಟಿರುವುದರಿಂದ ಬಾಡಿಗೆಯ ಚಿಂತೆಯಿರಲಿಲ್ಲ.

ಆದರೆ ಇದು ಬೆಂಗಳೂರಿನ ಪಿಂಚಣಿದಾರನ ಪರಿಹಾರ. ಬಿ.ಜಿ. ಕೆರೆಯಲ್ಲಿರುವವನೇ ಇಂತಹ ಕಾರು ಕೊಂಡನೆಂದಿಟ್ಟುಕೊಳ್ಳಿ. ಅವನಿಗೆ ದೊಡ್ಡ ಆಸ್ಪತ್ರೆಯೆಂದರೆ ಬಳ್ಳಾರಿ, ಚಿತ್ರದುರ್ಗ ಅಥವಾ ದಾವಣಗೆರೆ. ನನಗೆ ಅಪರೂಪವಾದ ದೂರ ಪ್ರಯಾಣ ಅವನಿಗೆ ವಾಡಿಕೆ. ನಡುರಾತ್ರಿ ಫೋನ್ ಮಾಡಿದರೆ ಬರುವ ಟ್ಯಾಕ್ಸಿಗಳೂ ಅವನ ಸುತ್ತ ಕಡಿಮೆ. ಹೀಗಾಗಿ ಅಗ್ಗದಲ್ಲಿ ಓಡುವ ವಾಹನ ಯಾರಿಗೆ ಹೆಚ್ಚು ಉಪಯುಕ್ತವೋ ಅವರೇ ಅದನ್ನು ಕೊಳ್ಳಲು ಹಿಂಜರಿಯುತ್ತಾರೆ.

ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ನಮ್ಮದು. ಇಂತಹ ವಾಹನಗಳಿಗೆ ವರ್ಷಗಳ ಕಾಲ ತೆರಿಗೆ ವಿನಾಯಿತಿ ನೀಡಲಾಯಿತು; 25 ಲಕ್ಷ ರೂಪಾಯಿಗೂ ಮೇಲ್ಪಟ್ಟ ಕಾರುಗಳಿಗೆ ಶೇ 10ರಷ್ಟು ತೆರಿಗೆ ಬಂದದ್ದು 2024ರಲ್ಲಿ. ಆ ವಿನಾಯಿತಿಯ ಬಹುಪಾಲು ಪಡೆದವರು ಯಾರು? ಮನೆಯಲ್ಲಿಯೇ ಚಾರ್ಜ್ ಮಾಡಿಕೊಳ್ಳಬಲ್ಲ ನನ್ನಂತಹ ನಗರವಾಸಿಗಳು. ಮನೆಯ ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಅದೇ ವಿದ್ಯುತ್ತನ್ನು ಸಾರ್ವಜನಿಕ ಕೇಂದ್ರದಲ್ಲಿ ತುಂಬಿಸಿದರೆ ಅದು 'ಸೇವೆ', ಶೇ 18ರಷ್ಟು ತೆರಿಗೆ ಅನ್ವಯ ಎಂದು ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಅಂದರೆ ಸ್ವಂತ ಗ್ಯಾರೇಜ್ ಇಲ್ಲದವನು, ದೂರದಿಂದ ಬರುವವನು ಹೆಚ್ಚು ತೆರಬೇಕು. ಇದಕ್ಕಿಂತ ತಲೆಕೆಳಗಾದ ತೆರಿಗೆ ನೀತಿ ನನ್ನ ಸೇವಾವಧಿಯಲ್ಲಿಯೂ ಹೆಚ್ಚು ಕಂಡಿಲ್ಲ.

ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಕೇಂದ್ರದ 2019ರ ಮಾರ್ಗಸೂಚಿ ಹೇಳಿತ್ತು. ವಾಹನ ದಟ್ಟಣೆಯಿಲ್ಲದೆ ಖಾಸಗಿಯವರು ಬಂಡವಾಳ ಹೂಡುವುದಿಲ್ಲ, ಯಂತ್ರವಿಲ್ಲದೆ ವಾಹನ ಬರುವುದಿಲ್ಲ. ಈ ಗಂಟನ್ನು ಬಿಡಿಸಬೇಕಾದದ್ದು ಸರ್ಕಾರವೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶಾಸನ ಕೆತ್ತಿಸಿದ ಅಶೋಕ, ಉತ್ತರದ ತನ್ನ ಸ್ತಂಭ ಶಾಸನದಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿ, ಬಾವಿ ತೋಡಿಸಿದ್ದನ್ನು ಹೇಳಿಕೊಂಡಿದ್ದಾನೆ. ದಾರಿಹೋಕರ ಸಂಖ್ಯೆಯ ಸಮೀಕ್ಷೆ ಮುಗಿಯಲೆಂದು ಕಾದಂತೆ ಕಾಣುವುದಿಲ್ಲ.

ವಿದ್ಯುತ್ತಿಗೂ ಇಲ್ಲಿ ಬರವಿಲ್ಲ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ; ನೆರೆಯ ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಚಳ್ಳಕೆರೆಯ ಬಸ್ ನಿಲ್ದಾಣ, ಮೊಳಕಾಲ್ಮೂರಿನ ತಾಲ್ಲೂಕು ಕಚೇರಿ ಇಂತಹ ಕಡೆ ಜಾಗ, ನೆರಳು, ಶೌಚಾಲಯ, ಕಾವಲು ಎಲ್ಲವೂ ಸಿಗುತ್ತವೆ. ಕಾರಿನ ಬೆಲೆ ತಗ್ಗಿಸಲು ಬಿಟ್ಟುಕೊಟ್ಟ ತೆರಿಗೆಯ ಅಲ್ಪಾಂಶವನ್ನು ಇನ್ನು ಇಂತಹ ಸ್ಥಳಗಳಲ್ಲಿ ವ್ಯಯಿಸುವುದು ನ್ಯಾಯ. ಯಂತ್ರಗಳು ಮಾತ್ರ ಪ್ರತಿಯೊಂದು ಕಡೆ ಎರಡೆರಡು ಇರಲಿ. ಕಳೆದ ಬಾರಿ ದಾರಿಯ ಪಟ್ಟಣವೊಂದರಲ್ಲಿದ್ದ ಒಂಟಿ ಯಂತ್ರ ಕೆಟ್ಟು ನಿಂತಿತ್ತು. ಅದರ ಮೇಲೆ ಬರೆದಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ, ಪರದೆಯನ್ನು ಒಮ್ಮೆ ಆರಿಸಿ ಹೊತ್ತಿಸಿ ಎಂಬ ಸಲಹೆ ಬಂದಿತು. ಪರದೆ ಆರಿ ವಾರವಾಗಿತ್ತೆಂದು ಪಕ್ಕದ ಹೂವಿನ ಅಂಗಡಿಯಾಕೆ ಹೇಳಿದರು.